ಟ್ರೈಲರಿಗೆ ತುಕ್ಕು ಹಿಡಿಯದಿರಲು
ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಟ್ರ್ಯಾಕ್ಟರ್ ಟ್ರೈಲರನ್ನು ನೀವು ನೋಡಿರುತ್ತೀರಿ. ಮಳೆಗಾಲ ಕಳೆದ ಮೇಲೆ ಅದರ ಚಾಸಿಯಲ್ಲಿ ಬಣ್ಣ ಉಬ್ಬಿದ ಕಡೆ ಕೆರೆದು ನೋಡಿ, ಕೆಂಪು ಪುಡಿ ಉದುರುತ್ತದೆ. ಕಬ್ಬಿಣವು ನೀರು, ಆಮ್ಲಜನಕಗಳೊಡನೆ ಸೇರಿ ಆದದ್ದು ಅದು. ಕೆಮ್ಮಣ್ಣುಗುಂಡಿಯ ಮಣ್ಣಿಗೆ ಕೆಂಪು ಕೊಟ್ಟದ್ದೂ ಕಬ್ಬಿಣದ ಆಕ್ಸೈಡೇ!

ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಹೊತ್ತ ಗಾಡಿಗೆ ಅಪಾಯ ಹೆಚ್ಚು. ಅದೊಂದು ಕ್ಲೋರೈಡ್ ಲವಣ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹಾಯಿಸುವುದರಿಂದ ತುಕ್ಕು ಬೇಗ ಹಿಡಿಯುತ್ತದೆ. ಗೊಬ್ಬರ ಇಳಿಸಿದ ದಿನವೇ ಚಾಸಿ, ಬಂಪರುಗಳನ್ನು ತೊಳೆದು ಒಣಗಿಸಬೇಕು.

ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಒಳಗೊಳಗೇ ಹರಡುತ್ತದೆ. ಬೇಸಿಗೆಯಲ್ಲಿ ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಎನಾಮಲ್ ಬಳಿಯಿರಿ. ಕೊಂಡಿಯ ಬೆಸುಗೆಯನ್ನು ಮಾತ್ರ ಮೊದಲು ವೆಲ್ಡರಿಗೆ ತೋರಿಸಿ. ಘಾಟಿಯ ಇಳಿಜಾರಿನಲ್ಲಿ ತುಂಬಿದ ಟ್ರೈಲರನ್ನು ಹಿಡಿದಿರುವುದು ಅದೇ.