ಆಸ್ಪಿರಿನ್ನಿನ ಎರಡನೆಯ ಕೆಲಸ

ತಲೆನೋವಿಗೆಂದು ನುಂಗುವ ಆಸ್ಪಿರಿನ್ ಗುಳಿಗೆಯಲ್ಲಿ ಸಾಮಾನ್ಯವಾಗಿ 300 ಮಿಲಿಗ್ರಾಂಗೂ ಹೆಚ್ಚು ಔಷಧವಿರುತ್ತದೆ. ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಮುಗಿಯುತ್ತದೆ. ಹೃದ್ರೋಗಿಗಳಿಗೆ ವೈದ್ಯರು ಬರೆದುಕೊಡುವುದು ಹೆಚ್ಚಾಗಿ 75 ಮಿಲಿಗ್ರಾಂ, ಅದೂ ದಿನಕ್ಕೆ ಒಂದೇ ಬಾರಿ. ನೋವಿಗೂ ಸಾಲದ ಈ ಅಲ್ಪ ಪ್ರಮಾಣ ದಿನವಿಡೀ ಹೇಗೆ ಕೆಲಸ ಮಾಡೀತು? ರಕ್ತದಲ್ಲಿ ಆಸ್ಪಿರಿನ್ನಿನ ಅರ್ಧಾಯು ಸುಮಾರು 20 ನಿಮಿಷ. ವಿಕಿರಣಪಟು ಧಾತುಗಳಿಗೆ ಹಾಕುವ ಲೆಕ್ಕವನ್ನೇ ಇಲ್ಲಿಯೂ ಹಾಕಿ ನೋಡಿ: ಎರಡು ಗಂಟೆಗಳಲ್ಲಿ ಆರು ಅರ್ಧಾಯು ಕಳೆದು, ಉಳಿಯುವುದು 64ರಲ್ಲಿ ಒಂದು ಪಾಲು ಮಾತ್ರ.

ಉತ್ತರವಿರುವುದು ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ. ಗಾಯವಾದಾಗ ಇವು ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ತಡೆಯುತ್ತವೆ. ಹಾಗೆ ಅಂಟಿಕೊಳ್ಳಲು ಪ್ರಚೋದಿಸುವ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕದ ತಯಾರಿಕೆಗೆ ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವ ಬೇಕು. ನೋವು, ಜ್ವರಗಳಲ್ಲಿ ಪಾತ್ರವಹಿಸುವ ಪ್ರೋಸ್ಟಗ್ಲಾಂಡಿನ್‌ಗಳಿಗೂ ಇದೇ ಕಿಣ್ವ ಬೇಕು. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪುರಸ್ಕೃತರಲ್ಲಿ ಅವರೂ ಒಬ್ಬರು.

ಆಸ್ಪಿರಿನ್ ಅಣು ತನ್ನ ಅಸಿಟೈಲ್ ಗುಂಪನ್ನು ಕಿಣ್ವಕ್ಕೆ ಅಂಟಿಸಿ ಹೋಗುತ್ತದೆ. ಬೀಗದ ಕಿಂಡಿಗೆ ಅರಗು ತುಂಬಿದಂತೆ, ಆ ಕಿಣ್ವ ಮತ್ತೆ ಕೆಲಸಕ್ಕೆ ಬಾರದು. ಇತರ ಜೀವಕೋಶಗಳು ಹೊಸ ಕಿಣ್ವವನ್ನು ತಯಾರಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ. ಹಾಗಾಗಿ ತನ್ನ ಎಂಟು-ಹತ್ತು ದಿನಗಳ ಆಯುಸ್ಸಿನಲ್ಲಿ ಉಳಿದಷ್ಟನ್ನೂ ಅದು ಹಾಗೆಯೇ ಕಳೆಯಬೇಕು. ಅಸ್ಥಿಮಜ್ಜೆ ದಿನವೂ ಹತ್ತರಲ್ಲಿ ಒಂದು ಪಾಲಿನಷ್ಟು ಹೊಸ ಪ್ಲೇಟ್‌ಲೆಟ್‌ಗಳನ್ನು ಸೇರಿಸುತ್ತದೆ. ಅವುಗಳನ್ನು ಹಿಡಿಯಲೆಂದೇ ದಿನಕ್ಕೊಂದು ಚಿಕ್ಕ ಗುಳಿಗೆ.

ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತಿರುವಾಗ ಇದರ ಬೆಲೆ ತಿಳಿಯುತ್ತದೆ. 1988ರಲ್ಲಿ ಪ್ರಕಟವಾದ, 17,187 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹೃದಯಾಘಾತದ ಶಂಕೆಯಿದ್ದವರಿಗೆ ದಿನಕ್ಕೆ 160 ಮಿಲಿಗ್ರಾಂನಂತೆ ಒಂದು ತಿಂಗಳು ಆಸ್ಪಿರಿನ್ ಕೊಟ್ಟಾಗ, ಐದು ವಾರಗಳಲ್ಲಿ ಹೃದಯ-ರಕ್ತನಾಳಗಳ ಕಾರಣದ ಸಾವುಗಳು ಶೇಕಡಾ 23ರಷ್ಟು ಕಡಿಮೆಯಾದವು. ಇಂಥ ಸಂದರ್ಭದಲ್ಲಿ ಗುಳಿಗೆಯನ್ನು ಅಗಿದು ನುಂಗಿಸುತ್ತಾರೆ. ಬೇಗ ರಕ್ತಕ್ಕೆ ಸೇರಲೆಂದು.

ಆದರೆ ಹೆಪ್ಪುಗಟ್ಟುವುದನ್ನು ತಡೆಯುವ ಗುಣವೇ ರಕ್ತಸ್ರಾವಕ್ಕೂ ದಾರಿ. ಆರೋಗ್ಯವಂತರು 'ಇರಲಿ' ಎಂದು ತಾವಾಗಿಯೇ ದಿನವೂ ಆಸ್ಪಿರಿನ್ ನುಂಗುವುದು ಸರಿಯಲ್ಲ. ಮಳೆಗಾಲದ ಜ್ವರ ಡೆಂಗೆಯಾಗಿದ್ದರೆ ಪ್ಲೇಟ್‌ಲೆಟ್‌ಗಳು ಮೊದಲೇ ಕುಸಿದಿರುತ್ತವೆ. ಆಗ ಆಸ್ಪಿರಿನ್ ಅಪಾಯಕಾರಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳ ವೈರಸ್ ಜ್ವರಕ್ಕೂ ಇದು ಸಲ್ಲದು. ಹಲ್ಲು ಕೀಳಿಸುವಾಗ, ಶಸ್ತ್ರಕ್ರಿಯೆಗೆ ಹೋಗುವಾಗ, 'ನಿನ್ನೆಯೇ ಗುಳಿಗೆ ನಿಲ್ಲಿಸಿದ್ದೇನಲ್ಲ' ಎಂದುಕೊಂಡು ವಿಷಯವನ್ನು ವೈದ್ಯರಿಗೆ ಹೇಳದೆ ಇರಬೇಡಿ. ಒಂದು ದಿನದಲ್ಲಿ ಹೊಸದಾಗಿ ಬಂದಿರುವುದು ಹತ್ತರಲ್ಲಿ ಒಂದು ಪಾಲಷ್ಟೆ. ಸ್ಟೆಂಟ್ ಹಾಕಿಸಿಕೊಂಡವರಂತೂ ಅವರನ್ನು ಕೇಳದೆ ಗುಳಿಗೆ ನಿಲ್ಲಿಸಲೇಬಾರದು.