ಧಾರವಾಡ ಕೃಷಿ ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಸೆಳೆಯುವುದೇಕೆ?

ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಮಗ ಅಥವಾ ಮಗಳು ಮುಂದೆ ಕೃಷಿ ಪದವಿಗೆ ಸೇರುವ ಮಾತೆತ್ತಿದಾಗ, "ಹೊಲದ ಕೆಲಸ ಕಲಿಯಲು ಕಾಲೇಜು ಏಕೆ?" ಎಂಬ ಪ್ರಶ್ನೆ ಅನೇಕ ರೈತರ ಮನೆಗಳಲ್ಲಿ ಬರುತ್ತದೆ. ನಾಲ್ಕು ವರ್ಷಗಳ ಕಾಲ ಹಣ ಹೊಂದಿಸಬೇಕಾದ ಪಾಲಕರು ಹೀಗೆ ಕೇಳುವುದು ಸಹಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನು ವಿದ್ಯಾರ್ಥಿಗಳು ಬಯಸುವ ಕಾರಣಗಳನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಹೆಸರು ತಂದ ತಳಿಗಳು: ಧಾರವಾಡದ ಕೃಷಿ ಕಾಲೇಜು 1947ರಲ್ಲಿ ಆರಂಭವಾಯಿತು. ಮೊದಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಇದು 1986ರ ಅಕ್ಟೋಬರ್ 1ರಂದು ಸ್ಥಾಪನೆಯಾದ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ 'ವರಲಕ್ಷ್ಮಿ' ಸಂಕರಣ ತಳಿ 1972ರಲ್ಲಿ ಧಾರವಾಡದಿಂದಲೇ ಹೊರಬಂದಿತು. 1981ರಲ್ಲಿ ಬಂದ ಡಿ.ಸಿ.ಎಚ್.-32 ಅಂದರೆ 'ಜಯಲಕ್ಷ್ಮಿ'ಯ ಉದ್ದನೆಯ ಎಳೆಯನ್ನು ಹತ್ತಿ ಬೆಳೆಗಾರರು ಬಲ್ಲರು. ಸೋಯಾ ಅವರೆಯ ತುಕ್ಕು ರೋಗ ತಡೆದುಕೊಳ್ಳುವ ಡಿ.ಎಸ್.ಬಿ.-21 ಸಹ ಇಲ್ಲಿಯದೇ. ಮನೆಯವರು ಬಿತ್ತಿದ ಬೀಜ ಹುಟ್ಟಿದ ಸ್ಥಳದಲ್ಲಿ ಓದುವುದು ಹಳ್ಳಿಯ ವಿದ್ಯಾರ್ಥಿಗಳಿಗೆ ದೊಡ್ಡ ಆಕರ್ಷಣೆ.

ಹಲವು ಬಗೆಯ ನೆಲ: ಧಾರವಾಡದ ಪೂರ್ವಕ್ಕೆ ಎರೆಭೂಮಿ, ಪಶ್ಚಿಮಕ್ಕೆ ಮಲೆನಾಡಿನ ಸೆರಗು. ವಿಜಯಪುರದ ಕಾಲೇಜು ಒಣಬೇಸಾಯದ ನಾಡಿನಲ್ಲಿದೆ. 1985ರಲ್ಲಿ ಆರಂಭವಾದ ಅರಣ್ಯ ಕಾಲೇಜು ಶಿರಸಿಯ ಕಾಡಿನ ನಡುವೆ ಇದೆ. ಹೀಗಾಗಿ ಒಂದೇ ವಿಶ್ವವಿದ್ಯಾಲಯದೊಳಗೆ ಹಲವು ಬಗೆಯ ಬೇಸಾಯವನ್ನು ಅರಿಯಲು ಅನುಕೂಲವಿದೆ.

ಮಾಡಿ ಕಲಿಯುವ ಪಾಠ: ಕೃಷಿ ಪದವಿಯಲ್ಲಿ ಪುಸ್ತಕದ ಓದು ಅರ್ಧ ಮಾತ್ರ. ವಿದ್ಯಾರ್ಥಿಗಳು ತಾಕುಗಳಲ್ಲಿ ತಾವೇ ಬಿತ್ತಿ, ಕಳೆ ತೆಗೆದು, ಕೊಯ್ಲು ಮಾಡಿ ಖರ್ಚು-ಆದಾಯದ ಲೆಕ್ಕ ಬರೆಯಬೇಕು. ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ಉಳಿದು ರೈತರೊಡನೆ ದುಡಿಯಬೇಕು. ಬೆಳೆ ಏಕೆ ಒಣಗಿತು, ಗೊಬ್ಬರ ಏಕೆ ಫಲಿಸಲಿಲ್ಲ ಎಂಬುದಕ್ಕೆ ಕಾರಣ ಹುಡುಕುವುದೇ ಈ ಶಿಕ್ಷಣ. ಮನೆಯ ಅನುಭವಕ್ಕೆ ಕಾಲೇಜು ಸೇರಿಸುವುದು ಇದನ್ನೇ.

ಪ್ರವೇಶ: ಪ್ರವೇಶವು ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತದೆ. ರೈತರ ಮಕ್ಕಳಿಗೆ ಮೀಸಲಾದ ಸೀಟುಗಳ ಪಾಲನ್ನು ಸರ್ಕಾರವು 2021ರಲ್ಲಿ ಶೇ. 40ರಿಂದ ಶೇ. 50ಕ್ಕೆ ಏರಿಸಿತು. ಈ ಸೀಟುಗಳನ್ನು ಬಯಸುವವರು ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಗೂ ಕೂಡಬೇಕು. ಹೊಲದಲ್ಲಿ ಬೆಳೆದ ಮಗುವಿನ ತಿಳಿವಳಿಕೆಗೆ ಇಲ್ಲಿ ಅಂಕವಿದೆ. ಆದುದರಿಂದ ಓದಿನ ನೆಪದಲ್ಲಿ ಮಕ್ಕಳನ್ನು ಹೊಲದಿಂದ ಪೂರ್ತಿ ದೂರವಿಡುವುದು ಸರಿಯಲ್ಲ.

ಪದವಿ ಪಡೆದವರೆಲ್ಲ ಊರಿಗೆ ಮರಳಿ ಬೇಸಾಯ ಹಿಡಿಯುವುದಿಲ್ಲ ಎಂಬುದು ನಿಜ. ಕೆಲವರು ಕೃಷಿ ಇಲಾಖೆಗೆ, ಕೆಲವರು ಬ್ಯಾಂಕಿಗೆ, ಬೀಜೋದ್ಯಮಕ್ಕೆ ಹೋಗುತ್ತಾರೆ. ಆದರೂ ರೈತನ ಕಷ್ಟ ಬಲ್ಲ ಅಧಿಕಾರಿ ರೈತ ಸಂಪರ್ಕ ಕೇಂದ್ರದಲ್ಲಿದ್ದರೆ ಅದರ ಲಾಭ ಊರಿಗೇ ಸಲ್ಲುತ್ತದೆ.

ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುತ್ತದೆ. ಮಕ್ಕಳು ದ್ವಿತೀಯ ಪಿ.ಯು.ಸಿ.ಯಲ್ಲಿರುವಾಗಲೇ ಅವರನ್ನು ಕರೆದೊಯ್ದು ಪ್ರಯೋಗದ ತಾಕುಗಳನ್ನು ತೋರಿಸಿ, ಅಲ್ಲಿನ ವಿದ್ಯಾರ್ಥಿಗಳೊಡನೆ ಮಾತನಾಡಿಸಿದರೆ, ಕಾಲೇಜನ್ನು ತಿಳಿದು ಆರಿಸಿಕೊಳ್ಳಲು ಸಾಧ್ಯವಾಗುತ್ತದೆ.