ಊರಿನ ಟಿಕೆಟ್ಟಿಗೊಂದು ಮೈಲಿ ಹುಂಡಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ಸಂಸಾರಗಳ ಖರ್ಚಿನ ಪಟ್ಟಿಯಲ್ಲಿ ಮನೆ ಸಾಲ, ಮಕ್ಕಳ ಓದು ಇವೆರಡನ್ನು ಬಿಟ್ಟರೆ ಮುಂದಿನ ಸಾಲು ಊರಿನ ಟಿಕೆಟ್ಟಿನದು. ಶಾಲೆಗೆ ರಜೆ ಸಿಗುವುದು ಬೇಸಿಗೆಯಲ್ಲಿ, ಇಲ್ಲವೇ ಡಿಸೆಂಬರ್ ಕೊನೆಯಲ್ಲಿ. ಬೆಂಗಳೂರಿನ ಟಿಕೆಟ್ ಗಗನಕ್ಕೇರುವುದೂ ಸರಿಯಾಗಿ ಆಗಲೇ. ಆದರೂ ಅದು ಮೊದಲೇ ಗೊತ್ತಿರುವ ಖರ್ಚು, ಹೇಗೋ ಹೊಂದಿಸಿಕೊಳ್ಳುತ್ತೇವೆ. ಹೊಂದಿಸಲಾಗದ ಪ್ರಯಾಣ ಇನ್ನೊಂದಿದೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. "ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿಯಾಗಬೇಡಿ" ಎಂದು ಅತ್ತ ಕಡೆಯವರು ಹೇಳುವ ಧಾಟಿಯಲ್ಲೇ ನಾಳೆ ಹೊರಡಬೇಕೆಂಬುದು ಅರ್ಥವಾಗಿಬಿಡುತ್ತದೆ. ನಾಳೆಯ ಟಿಕೆಟ್ಟಿನ ಬೆಲೆ ನೋಡಿದವರಿಗೇ ಗೊತ್ತು.

ಇಂಥ ಸಂದರ್ಭಕ್ಕೆಂದೇ ಹಿಂದೆ ವಿಮಾನ ಕಂಪನಿಗಳು ರಿಯಾಯಿತಿ ದರ ಇಟ್ಟಿದ್ದವು. ಅಮೆರಿಕನ್ ಮತ್ತು ಯುನೈಟೆಡ್ ಎರಡೂ 2014ರಲ್ಲಿ ಅದನ್ನು ಕೈಬಿಟ್ಟವು. ಹಾಗಾಗಿ ಕ್ರೆಡಿಟ್ ಕಾರ್ಡ್ ಪಾಯಿಂಟ್, ಏರ್‌ಲೈನ್ ಮೈಲಿ ಎಂದರೆ ಹವಾಯಿಗೆ ಪುಕ್ಕಟೆ ಹೋಗುವ ಜಾಣರ ಆಟ ಎಂದುಕೊಂಡವರಿಗೆ ನಾವು ಹೇಳುವುದಿಷ್ಟೇ: ಅದನ್ನು ಮೊದಲು ಊರಿನ ಆಪತ್ಕಾಲದ ಹುಂಡಿ ಎಂದು ನೋಡಿ. ಹವಾಯಿ ಆಮೇಲೆ ಇದ್ದೇ ಇದೆ.

ಈ ಮೈಲಿ ಬಂದದ್ದು ಎಲ್ಲಿಂದ? ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ತನ್ನ ಎಅಡ್ವಾಂಟೇಜ್ ಯೋಜನೆಯನ್ನು ಆರಂಭಿಸಿತು. ಅದೇ ತಿಂಗಳಲ್ಲಿ ಯುನೈಟೆಡ್ ಕೂಡ ಬೆನ್ನು ಹತ್ತಿತು. ಆಗ ಹಾರಿದವರಿಗೆ ಮಾತ್ರ ಮೈಲಿ. ಕೆಲವೇ ವರ್ಷಗಳಲ್ಲಿ ಬ್ಯಾಂಕುಗಳು ಸೇರಿಕೊಂಡವು. ಹಾರದೆಯೂ, ಬರೀ ಅಕ್ಕಿ ಬೇಳೆ ಕೊಂಡೂ ಮೈಲಿ ಕೂಡಿಸಬಹುದಾಯಿತು. ಇದರಲ್ಲಿ ಪುಕ್ಕಟೆ ಏನೂ ಇಲ್ಲ. ನೀವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವರು ನೂರಕ್ಕೆ ಎರಡು ಮೂರು ಡಾಲರ್ ಶುಲ್ಕ ತೆರುತ್ತಾರೆ. ಆ ದುಡ್ಡಿನಲ್ಲಿ ಬ್ಯಾಂಕು ವಿಮಾನ ಕಂಪನಿಯಿಂದ ಮೈಲಿ ಸಗಟು ಕೊಂಡು ನಿಮಗೆ ಚಿಲ್ಲರೆ ಹಂಚುತ್ತದೆ. ಈ ವ್ಯಾಪಾರ ಎಷ್ಟು ದೊಡ್ಡದೆಂದರೆ, 2020ರ ಕೋವಿಡ್ ಕಾಲದಲ್ಲಿ ಯುನೈಟೆಡ್ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು ಸಾಲ ಎತ್ತಿತು. ಆಗ ಅದಕ್ಕೆ ಕಟ್ಟಿದ ಬೆಲೆ ಸುಮಾರು 22 ಬಿಲಿಯನ್ ಡಾಲರ್. ಆ ದಿನಗಳಲ್ಲಿ ಷೇರುಪೇಟೆ ಇಡೀ ಕಂಪನಿಗೆ ಕಟ್ಟುತ್ತಿದ್ದ ಬೆಲೆಗಿಂತ ಅದು ಹೆಚ್ಚು!

ಮೈಲಿಯ ಹುಚ್ಚು ಎಲ್ಲಿಗೆ ಒಯ್ಯಬಹುದು ಎನ್ನುವುದಕ್ಕೆ ಡೇವಿಡ್ ಫಿಲಿಪ್ಸ್ ಎಂಬ ಕ್ಯಾಲಿಫೋರ್ನಿಯಾದ ಎಂಜಿನಿಯರ್‌ನ ಕಥೆ ಸೊಗಸಾಗಿದೆ. 1999ರಲ್ಲಿ ಒಂದು ಆಹಾರ ಕಂಪನಿ ತನ್ನ ಡಬ್ಬಿಗಳ ಲೇಬಲ್ ಕಳಿಸಿದವರಿಗೆ ಮೈಲಿ ಕೊಡುತ್ತೇವೆಂದಿತು. ಈತ ಲೆಕ್ಕ ಹಾಕಿ 12,150 ಪುಡ್ಡಿಂಗ್ ಡಬ್ಬಿಗಳನ್ನು ಕೊಂಡ. ಖರ್ಚು 3,140 ಡಾಲರ್, ಗಳಿಕೆ 12 ಲಕ್ಷ 50 ಸಾವಿರ ಮೈಲಿ. ಅಷ್ಟು ಲೇಬಲ್ ಕೀಳಲು ಕೈ ಸಾಲದೆ ಸಾಲ್ವೇಶನ್ ಆರ್ಮಿಯವರನ್ನು ಕರೆದ; ಲೇಬಲ್ ಇವನಿಗೆ, ಪುಡ್ಡಿಂಗ್ ಅವರ ದಾಸೋಹಕ್ಕೆ. ನಮಗೆ ಅಷ್ಟೆಲ್ಲ ಬೇಡ. ಮನೆಯ ಮಾಮೂಲಿ ಖರ್ಚೇ ಸಾಕು.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಯುನೈಟೆಡ್ ಮೈಲಿ, ಡೆಲ್ಟಾ ಮೈಲಿ ಎನ್ನುವುದು ಬೇಯಿಸಿದ ಅನ್ನದಂತೆ. ಅದನ್ನು ಅದೇ ಕಂಪನಿಯ ಎಲೆಯಲ್ಲೇ ಉಣ್ಣಬೇಕು. ಚೇಸ್, ಅಮೆರಿಕನ್ ಎಕ್ಸ್‌ಪ್ರೆಸ್, ಸಿಟಿ, ಕ್ಯಾಪಿಟಲ್ ಒನ್ ಬ್ಯಾಂಕುಗಳು ತಮ್ಮದೇ ಹೆಸರಿನಲ್ಲಿ ಕೊಡುವ ಪಾಯಿಂಟ್ ಕಣಜದ ಭತ್ತದಂತೆ. ಬೇಕಾದಾಗ ಬೇಕಾದ ವಿಮಾನ ಕಂಪನಿಯ ಮೈಲಿಯಾಗಿ ಬದಲಾಯಿಸಿಕೊಳ್ಳಬಹುದು. ಆದರೆ ಒಮ್ಮೆ ಬದಲಾಯಿಸಿದ ಮೇಲೆ ಹಿಂದಕ್ಕಿಲ್ಲ, ಅನ್ನ ಮತ್ತೆ ಭತ್ತವಾದೀತೇ? ಆದ್ದರಿಂದ ಆಪತ್ಕಾಲಕ್ಕೆ ಕೂಡಿಡುವವರು ಬ್ಯಾಂಕಿನ ಪಾಯಿಂಟನ್ನೇ ಕೂಡಿಡುವುದು ಮೇಲು. ಸೀಟು ಖಾಲಿ ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ಬದಲಾಯಿಸಿ. ಏರ್ ಕೆನಡಾದ ಏರೋಪ್ಲಾನ್‌ಗೆ ಪಾಯಿಂಟ್ ಸಾಮಾನ್ಯವಾಗಿ ನಿಮಿಷಗಳಲ್ಲಿ ಸೇರುತ್ತದೆ. ಸಿಂಗಪುರ ಏರ್‌ಲೈನ್ಸ್‌ನಂಥ ಕೆಲವಕ್ಕೆ ಒಂದೆರಡು ದಿನ ಹಿಡಿಯುವುದುಂಟು.

ಹುಂಡಿ ತುಂಬುವುದು ಹೇಗೆ? ತಿಂಗಳಿಗೆ 2,000 ಡಾಲರ್ ಖರ್ಚನ್ನು ಕಾರ್ಡಿನಲ್ಲಿ ಮಾಡಿ, ಡಾಲರಿಗೆ ಸರಾಸರಿ ಒಂದೂವರೆ ಪಾಯಿಂಟ್ ಸಿಕ್ಕರೆ ವರ್ಷಕ್ಕೆ 36,000. ಹನಿ ಹನಿಗೂಡಿದರೆ ಹಳ್ಳ, ನಿಜ. ಆದರೆ ಹಳ್ಳ ಬೇಗ ತುಂಬುವುದು ಹೊಸ ಕಾರ್ಡಿನ ಆರಂಭದ ಬೋನಸ್ಸಿನಿಂದ. ಮೂರು ತಿಂಗಳಲ್ಲಿ ಕೆಲವು ಸಾವಿರ ಡಾಲರ್ ಖರ್ಚು ಮಾಡಿದರೆ 60,000ದ ಆಸುಪಾಸು ಪಾಯಿಂಟ್ ಕೊಡುವ ಕಾರ್ಡುಗಳು ಸಾಮಾನ್ಯ. ಗಂಡ ಒಂದು, ಆರು ತಿಂಗಳ ನಂತರ ಹೆಂಡತಿ ಒಂದು ತೆಗೆದುಕೊಂಡರೆ ವರ್ಷದೊಳಗೆ ಒಬ್ಬರ ಊರಿನ ಟಿಕೆಟ್ಟಿಗೆ ಸಾಲುವಷ್ಟಾದೀತು. ಕಾರಿನ ವಿಮೆ ಕಟ್ಟುವ ತಿಂಗಳು, ಮನೆ ರಿಪೇರಿಯ ತಿಂಗಳು ನೋಡಿಕೊಂಡು ಅರ್ಜಿ ಹಾಕಿದರೆ ಬೋನಸ್ಸಿಗಾಗಿ ಬೇಡದ ಸಾಮಾನು ಕೊಳ್ಳಬೇಕಿಲ್ಲ. ಹಾಗೆಯೇ, ಕಾಸ್ಟ್‌ಕೋ ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡ್ ಎಂದರೆ ವೀಸಾ ಮಾತ್ರ ನಡೆಯುತ್ತದೆ ಎಂಬುದು ನೆನಪಿರಲಿ. ನಮ್ಮವರ ಅರ್ಧ ಸಂಬಳ ಅಲ್ಲೇ ಕರಗುವುದರಿಂದ ಈ ಮಾತು!

ಈಗ ಕಹಿ ಮಾತು. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 20ನ್ನು ದಾಟಿದೆ. ಶೇಕಡಾ 24 ಎಂದುಕೊಳ್ಳಿ. 1,000 ಡಾಲರ್ ಬಾಕಿ ಉಳಿಸಿಕೊಂಡರೆ ತಿಂಗಳಿಗೆ 20 ಡಾಲರ್ ಬಡ್ಡಿ. ಅದೇ 1,000 ಡಾಲರಿಗೆ ನಿಮಗೆ ಸಿಕ್ಕ ಪಾಯಿಂಟ್‌ಗಳ ಬೆಲೆ ಬಹಳವೆಂದರೆ ಅಷ್ಟೇ. ಅಂದರೆ ಒಂದೇ ತಿಂಗಳಲ್ಲಿ ಹುಂಡಿ ಬರಿದು, ಎರಡನೆಯ ತಿಂಗಳಿಂದ ಕೈಯಿಂದ ನಷ್ಟ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಲಾಗದವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಬಾಕಿ ತೀರಿಸುವುದು ಒಳ್ಳೆಯದು. ಹಾಗೆಯೇ ಮನೆ ಕೊಳ್ಳಲು ಸಾಲಕ್ಕೆ ಓಡಾಡುತ್ತಿರುವ ವರ್ಷ ಹೊಸ ಕಾರ್ಡ್ ಬೇಡವೇ ಬೇಡ. ಕ್ರೆಡಿಟ್ ಸ್ಕೋರ್ ಸ್ವಲ್ಪ ಇಳಿದರೂ ಮೂವತ್ತು ವರ್ಷ ಅದರ ಬಡ್ಡಿ ತೆರಬೇಕಾಗುತ್ತದೆ.

ಕೂಡಿಟ್ಟಿದ್ದನ್ನು ಯಾವಾಗ ತೆಗೆಯಬೇಕು? ಟಿಕೆಟ್ಟಿನ ನಗದು ಬೆಲೆಯಿಂದ, ಮೈಲಿ ಟಿಕೆಟ್ಟಿಗೂ ಕಟ್ಟಬೇಕಾದ ತೆರಿಗೆಯನ್ನು ಕಳೆಯಿರಿ. ಉಳಿದದ್ದನ್ನು ಬೇಕಾದ ಮೈಲಿಗಳಿಂದ ಭಾಗಿಸಿ. ಮೈಲಿಗೆ ಎಷ್ಟು ಸೆಂಟ್ ಎಂದು ತಿಳಿಯುತ್ತದೆ. (ಮೈಲಿಗೆ ಎಂದೊಡನೆ ಮಡಿ ಹುಡುಕುವ ಅಜ್ಜಿಯರು ಕ್ಷಮಿಸಬೇಕು.) ಲೆಕ್ಕಕ್ಕೆಂದು, ಹೋಗಿ ಬರಲು 80,000 ಮೈಲಿ ಮತ್ತು 100 ಡಾಲರ್ ತೆರಿಗೆ ಎಂದಿಟ್ಟುಕೊಳ್ಳೋಣ. ಫೆಬ್ರವರಿಯಲ್ಲಿ ಟಿಕೆಟ್ 800 ಡಾಲರಿಗೆ ಸಿಗುತ್ತಿದ್ದರೆ ಮೈಲಿಗೆ ಒಂದು ಸೆಂಟ್ ಕೂಡ ಬೀಳಲಿಲ್ಲ. ದುಡ್ಡು ಕೊಟ್ಟೇ ಹೋಗಿ, ಹುಂಡಿ ಮುಟ್ಟಬೇಡಿ. ನಾಳೆ ಹೊರಡುವ ಟಿಕೆಟ್ 2,500 ಡಾಲರ್ ಆಗಿದ್ದರೆ ಅದೇ ಮೈಲಿಗೆ ಮೂರು ಸೆಂಟ್. ಕೂಡಿಟ್ಟಿದ್ದು ಇಂಥ ದಿನಕ್ಕೇ. ಎಲ್ಲ ಕಂಪನಿಗಳೂ ಕೊನೆ ಗಳಿಗೆಯಲ್ಲಿ ಮೈಲಿ ದರ ಹಾಗೆಯೇ ಇಡುತ್ತವೆಂದಲ್ಲ. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ನಿಗದಿತ ದರಪಟ್ಟಿಯನ್ನೇ ಕಿತ್ತುಹಾಕಿದವು. ಆದರೆ ಹೊರಡುವ ದಿನ ಹತ್ತಿರವಾದಂತೆ ಮಾರಾಟವಾಗದೆ ಉಳಿದ ಸೀಟುಗಳನ್ನು ಪಾಲುದಾರ ಕಂಪನಿಗಳ ಮೈಲಿಗೆ ಬಿಟ್ಟುಕೊಡುವ ವಿಮಾನಗಳುಂಟು. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಹುಡುಕಬೇಕು. ಕಣಜದ ಭತ್ತದ ಮಹಿಮೆ ತಿಳಿಯುವುದು ಆಗಲೇ.

ಇಲ್ಲಿ ಪಾಲುದಾರಿಕೆಯ ವಿಷಯ ತಿಳಿದಿರಬೇಕು. ಯುನೈಟೆಡ್, ಏರ್ ಕೆನಡಾ, ಲುಫ್ತಾನ್ಸಾ ಒಂದೇ ಬಳಗದವು; ಏರ್ ಇಂಡಿಯಾ 2014ರಲ್ಲಿ ಅದೇ ಸ್ಟಾರ್ ಅಲಯನ್ಸ್ ಸೇರಿತು. ಆದ್ದರಿಂದ ಏರೋಪ್ಲಾನ್ ಪಾಯಿಂಟ್ ಕೊಟ್ಟು ಫ್ರಾಂಕ್‌ಫರ್ಟ್ ಮೂಲಕ ಲುಫ್ತಾನ್ಸಾದಲ್ಲಿ ಬೆಂಗಳೂರಿಗೆ ಹೋಗಬಹುದು. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ ದಾರಿಯವು. ಬ್ರಿಟಿಷ್ ಏರ್‌ವೇಸ್ ಲಂಡನ್ನಿನದು. ಆದರೆ ಇದರ ಮೈಲಿ ಟಿಕೆಟ್ಟಿನ ಮೇಲೆ ಕಂಪನಿಯ ಸ್ವಂತ ಹೆಚ್ಚುವರಿ ಶುಲ್ಕವೇ ನೂರಾರು ಡಾಲರ್ ಬೀಳುತ್ತದೆ. ಯುನೈಟೆಡ್ ಆಗಲಿ, 2020ರಲ್ಲಿ ಹೊಸ ರೂಪ ಪಡೆದ ಏರೋಪ್ಲಾನ್ ಆಗಲಿ ಆ ಶುಲ್ಕವನ್ನು ನಮ್ಮ ತಲೆಗೆ ಕಟ್ಟುವುದಿಲ್ಲ. ಮೈಲಿ ಕಡಿಮೆ ಎಂದು ಹಿಗ್ಗುವ ಮೊದಲು ಪರದೆಯ ಕೊನೆಯ ಸಾಲಿನವರೆಗೂ ಓದಿ.

ಮೈಲಿ ನಿಜಕ್ಕೂ ನೆರವಾಗುವ ಮತ್ತೊಂದು ಸಂದರ್ಭ ಬಾಣಂತನ. ಮಗು ಯಾವಾಗ ಹುಟ್ಟೀತು, ಅಮ್ಮ ಎಷ್ಟು ತಿಂಗಳು ಇದ್ದಾರು, ಅಪ್ಪನಿಗೆ ಇಲ್ಲಿಯ ಚಳಿ ಒಗ್ಗೀತೇ, ಯಾವುದೂ ಖಚಿತವಿಲ್ಲ. ಸಾಮಾನ್ಯವಾಗಿ ನಗದು ಕೊಟ್ಟು ಹೋಗುವ ಟಿಕೆಟ್ ಒಂದನ್ನೇ ಕೊಂಡರೆ ದುಬಾರಿ. ಮೈಲಿಯಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ಬೇರೆ ಬೇರೆ ಲೆಕ್ಕ. ಅಮ್ಮನನ್ನು ಮೊದಲು ಕರೆಸಿ, ಹಿಂದಿರುಗುವ ಟಿಕೆಟ್ ಆಮೇಲೆ ತೆಗೆಯಬಹುದು. ದಿನ ಬದಲಾದರೆ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನ ಮೈಲಿ ಟಿಕೆಟ್ಟುಗಳನ್ನು ರದ್ದು ಮಾಡಿ ಮೈಲಿ ವಾಪಸ್ ಪಡೆಯುವುದೂ ಸುಲಭ. ನಿಮ್ಮ ಖಾತೆಯಿಂದ ತಂದೆ ತಾಯಿಗೆ, ಅತ್ತೆ ಮಾವನಿಗೆ ಟಿಕೆಟ್ ತೆಗೆಯಲು ಅಡ್ಡಿಯಿಲ್ಲ. ಮಡಿಲ ಕೂಸನ್ನು ಮೊದಲ ಸಲ ಊರಿಗೆ ಕರೆದೊಯ್ಯುವಾಗ ಇನ್ನೊಂದು ಲೆಕ್ಕ: ಯುನೈಟೆಡ್‌ನಲ್ಲಿ ಕೂಸಿಗೆ ದೊಡ್ಡವರ ನಗದು ದರದ ಶೇಕಡಾ 10, ಏರೋಪ್ಲಾನ್‌ನಲ್ಲಿ 25 ಕೆನಡಾ ಡಾಲರ್ ಅಥವಾ 2,500 ಪಾಯಿಂಟ್.

ನಾಲ್ಕು ಜನ ಒಟ್ಟಿಗೆ ಡಿಸೆಂಬರಿನಲ್ಲಿ ಹೊರಡುವುದಕ್ಕೆ ಮಾತ್ರ ಮೈಲಿ ನಂಬಿಕೊಂಡು ಕೂರಬೇಡಿ. ಸೀಟುಗಳು ತೆರೆಯುವುದೇ ಸುಮಾರು ಹನ್ನೊಂದು ತಿಂಗಳ ಮುಂಚೆ, ಒಂದೇ ವಿಮಾನದಲ್ಲಿ ನಾಲ್ಕು ಸಿಗುವುದು ಅಪರೂಪ. ಇಬ್ಬರು ಮೈಲಿಯಲ್ಲಿ, ಇಬ್ಬರು ನಗದಿನಲ್ಲಿ ಎಂದು ಪಾಲು ಮಾಡಿಕೊಂಡು ಹೋಗುವವರು ಜಾಣರು. ಯುನೈಟೆಡ್ 2024ರಿಂದ ಐದು ಜನರವರೆಗೆ ಮೈಲಿಗಳನ್ನು ಒಂದೇ ಕೊಡಕ್ಕೆ ಸುರಿಯಲು ಬಿಡುತ್ತಿದೆ. ಮಕ್ಕಳ ಖಾತೆಯ ಚೂರುಪಾರು ಮೈಲಿಗೂ ಅದರಿಂದ ಬೆಲೆ ಬಂತು.

ಅತಿಯಾಗಿ ಕೂಡಿಡುವುದೂ ತಪ್ಪು. ಬೆಂಗಳೂರಿನದೇ ಆದ ಕಿಂಗ್‌ಫಿಶರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಮೈಲಿಗಳೂ ಜೊತೆಗೇ ಹೋದವು. ಮುಳುಗದ ಕಂಪನಿಯೂ ಹೇಳದೆ ಕೇಳದೆ ದರ ಏರಿಸುತ್ತದೆ. ಯುನೈಟೆಡ್, ಡೆಲ್ಟಾ ಮೈಲಿಗಳಿಗೆ ಈಗ ಗಡುವಿಲ್ಲ; ಅಮೆರಿಕನ್‌ನಲ್ಲಿ 24 ತಿಂಗಳು, ಏರೋಪ್ಲಾನ್‌ನಲ್ಲಿ 18 ತಿಂಗಳು ಖಾತೆ ಅಲುಗಾಡದಿದ್ದರೆ ಎಲ್ಲವೂ ಸೊನ್ನೆ. ಮನೆಯಲ್ಲಿ ಒಬ್ಬರು ತುರ್ತಾಗಿ ಹೋಗಿ ಬರುವಷ್ಟು, ಸಾಧ್ಯವಾದರೆ ಇಬ್ಬರು, ಸದಾ ಇರಲಿ. ಅದಕ್ಕೆ ಮೇಲ್ಪಟ್ಟದ್ದನ್ನು ಖರ್ಚು ಮಾಡಿ ಸಂತೋಷಪಡಿ. ಮೈಲಿ ಕೊಳ್ಳುತ್ತೇವೆ, ಮಾರುತ್ತೇವೆ ಎನ್ನುವ ದಲ್ಲಾಳಿಗಳ ಹತ್ತಿರ ಸುಳಿಯಬೇಡಿ. ಸಿಕ್ಕಿಬಿದ್ದರೆ ಟಿಕೆಟ್ಟೂ ರದ್ದು, ಖಾತೆಯೂ ರದ್ದು. ಹಾಂ, ದೇಣಿಗೆಯನ್ನೂ ಪಾಯಿಂಟ್ ಆಸೆಗೆ ಕಾರ್ಡಿನಲ್ಲಿ ಕೊಡುವವರಿದ್ದಾರೆ. ಆ ಎರಡು ಮೂರು ಶೇಕಡಾ ಶುಲ್ಕ ಸಾಮಾನ್ಯವಾಗಿ ದಾನದ ದುಡ್ಡಿನಿಂದಲೇ ಹೋಗುತ್ತದೆ. ಅಲ್ಲಿ ಚೆಕ್ ಬರೆದರೆ ನಿಮಗೆ ನಷ್ಟವಾಗುವುದು ಕೆಲವು ನೂರು ಪಾಯಿಂಟ್ ಮಾತ್ರ.

ಮೈಲಿ ಎಷ್ಟಿದ್ದರೂ ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ, ಮಕ್ಕಳ ಓಸಿಐ ಆಗಿಲ್ಲದಿದ್ದರೆ, ವೀಸಾ ಸ್ಟಾಂಪಿಂಗ್ ಬಾಕಿಯಿದ್ದರೆ ರಾತ್ರಿಯ ಫೋನಿಗೆ ಉತ್ತರ ಕೊಡಲಾಗದು. ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೋ ಟ್ಯಾಕ್ಸ್ ಕಟ್ಟುವ ಹೊತ್ತಿಗೋ, ಎಲ್ಲವನ್ನೂ ಹರಡಿಕೊಂಡು ನೋಡಿ. ಇನ್ನೊಂದು ಮಾತು. ಹೆಚ್ಚಿನ ಮನೆಗಳಲ್ಲಿ ಈ ಕಾರ್ಡು, ಪಾಯಿಂಟ್‌ಗಳ ಉಸಾಬರಿ ಒಬ್ಬರದೇ, ಇನ್ನೊಬ್ಬರಿಗೆ ಖಾತೆಯ ಹೆಸರೂ ಗೊತ್ತಿರುವುದಿಲ್ಲ. ಆ ಒಬ್ಬರು ವಿಮಾನದಲ್ಲೋ ಆಸ್ಪತ್ರೆಯಲ್ಲೋ ಇರುವಾಗಲೇ ಟಿಕೆಟ್ ತೆಗೆಯಬೇಕಾಗಿ ಬರಬಹುದು. ಯಾವ ಬ್ಯಾಂಕಿನಲ್ಲಿ ಎಷ್ಟಿದೆ, ಒಳಗೆ ಹೋಗುವುದು ಹೇಗೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟ್‌ಗಳ ಜೊತೆ ಬೀರುವಿನಲ್ಲಿಡಿ.